ಸದ್ದಿನ ಚಿತ್ರಪುಸ್ತಕಗಳನ್ನು ಎಳೆಯ ಮಕ್ಕಳಿಗೆ ಓದಿ ಹೇಳುವ ಕ್ರಮ: ಒಂದು ಸಮಗ್ರ ಮಾರ್ಗದರ್ಶಿ

ನಮ್ಮ ಬಡಾವಣೆಯ ಗ್ರಂಥಾಲಯದಲ್ಲಿ ಭಾನುವಾರದ ಬೆಳಿಗ್ಗೆ ಚಿಕ್ಕ ಮಕ್ಕಳಿಗೆ ಪುಸ್ತಕ ಓದಿ ಹೇಳುವ ಕೆಲಸದಲ್ಲಿ ನಾನೂ ಒಬ್ಬಳು. ಅಲ್ಲಿಗೆ ಬರುವ ತಂದೆತಾಯಿಯರು ಮತ್ತೆ ಮತ್ತೆ ಹೇಳಿಕೊಳ್ಳುವ ಕಷ್ಟ ಒಂದೇ. ಮಳೆ, ಹಕ್ಕಿ, ರೈಲು, ಅಡಿಗೆಮನೆ ಎಂದು ಸದ್ದುಗಳೇ ತುಂಬಿರುವ ಪುಸ್ತಕವನ್ನು ಆಸೆಯಿಂದ ತಂದಿರುತ್ತಾರೆ. ಮಗು ಎರಡು ಪುಟ ನೋಡಿ ಎದ್ದು ಹೋಗುತ್ತದೆ. ಅವರು ಓದುವುದನ್ನು ಪಕ್ಕದಲ್ಲಿ ಕುಳಿತು ಕೇಳಿದರೆ ಕಾರಣ ತಿಳಿಯುತ್ತದೆ. ‘ಮಳೆ ಪಟಪಟನೆ ಬಂತು’ ಎಂಬ ಸಾಲನ್ನು ಸುದ್ದಿ ಓದಿದಂತೆ ಒಂದೇ ಉಸಿರಿನಲ್ಲಿ ಓದಿ ಮುಗಿಸುತ್ತಾರೆ, ಮರುಕ್ಷಣವೇ ‘ಕೊಡೆ ಯಾವ ಬಣ್ಣ? ಇದು ಯಾವ ಅಕ್ಷರ?’ ಎಂದು ಕೇಳುತ್ತಾರೆ. ಮಗುವಿನ ಪಾಲಿಗೆ ಸದ್ದು ಬರಲೇ ಇಲ್ಲ, ಪರೀಕ್ಷೆ ಮಾತ್ರ ಬಂತು.

ಇಂಥ ಪುಸ್ತಕದಲ್ಲಿ ಸದ್ದು ಮೊದಲು ಬರಬೇಕು, ಮಗುವಿನ ಬಾಯಿಂದ ಅದೇ ಸದ್ದು ಹೊರಡಲು ಬಿಡುವು ಸಿಗಬೇಕು, ಹೆಸರು ಮತ್ತು ಅಕ್ಷರಗಳು ಆಮೇಲೆ ಬರಬೇಕು. ಕೆಳಗಿನ ಹಂತಗಳೆಲ್ಲ ಈ ಅನುಕ್ರಮವನ್ನೇ ಆಧರಿಸಿವೆ. ಒಂದು ವರ್ಷದಿಂದ ಐದು ವರ್ಷದವರೆಗಿನ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ.

ಬೇಕಾಗುವ ಸಾಮಗ್ರಿ

ಒಂದು ಪುಸ್ತಕ, ಒಂದು ಪೆನ್ಸಿಲ್, ಮನೆಯಲ್ಲಿರುವ ಮೂರು ನಾಲ್ಕು ವಸ್ತುಗಳು ಸಾಕು: ಸ್ಟೀಲ್ ಲೋಟ, ಚಮಚ, ಮುಚ್ಚಳವಿರುವ ಡಬ್ಬಿಯಲ್ಲಿ ಒಂದು ಹಿಡಿ ಅಕ್ಕಿ, ಒಂದು ಹಳೆಯ ವೃತ್ತಪತ್ರಿಕೆ. ಮೊಬೈಲ್ ಫೋನ್ ಇನ್ನೊಂದು ಕೋಣೆಯಲ್ಲಿರಲಿ. ಸದ್ದನ್ನು ಕೇಳಿಸಲು ಫೋನಿನಲ್ಲಿ ಹಕ್ಕಿಯ ಕೂಗನ್ನು ಹಾಕುವ ಅಭ್ಯಾಸ ಹಲವರಿಗಿದೆ. ಒಮ್ಮೆ ಫೋನ್ ಬಂದರೆ ಪುಸ್ತಕ ಅಲ್ಲಿಗೆ ಮುಗಿಯಿತು, ಮಗುವಿನ ಕಣ್ಣು ಮತ್ತೆ ಪುಟದ ಕಡೆಗೆ ತಿರುಗುವುದಿಲ್ಲ.

1. ಪುಸ್ತಕವನ್ನು ಆರಿಸುವುದು

ಒಂದು ಪುಟಕ್ಕೆ ಒಂದು ಸದ್ದು ಎಂಬುದು ಎರಡು ವರ್ಷದೊಳಗಿನ ಮಗುವಿಗೆ ಸರಿಯಾದ ಅಳತೆ. ಚಿತ್ರದಲ್ಲಿ ಸದ್ದು ಮಾಡುತ್ತಿರುವ ವಸ್ತು ದೊಡ್ಡದಾಗಿ, ಒಂಟಿಯಾಗಿ ಕಾಣಬೇಕು. ಸಂತೆಯ ಚಿತ್ರವೊಂದರಲ್ಲೇ ಹದಿನೈದು ಸದ್ದುಗಳನ್ನು ತುಂಬಿರುವ ಪುಸ್ತಕ ನಾಲ್ಕು ವರ್ಷದ ಮಗುವಿಗೆ ಹಬ್ಬ, ಒಂದೂವರೆ ವರ್ಷದ ಮಗುವಿಗೆ ಗೊಂದಲ. ಪ್ರಥಮ್ ಬುಕ್ಸ್, ತೂಲಿಕಾ, ನ್ಯಾಷನಲ್ ಬುಕ್ ಟ್ರಸ್ಟ್ ಮೊದಲಾದ ಪ್ರಕಾಶನಗಳ ಕನ್ನಡ ಚಿತ್ರಪುಸ್ತಕಗಳು ಕಡಿಮೆ ಬೆಲೆಗೆ ಸಿಗುತ್ತವೆ. ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಕತೆಗಳನ್ನು ಓದಿನ ಮಟ್ಟಕ್ಕೆ ತಕ್ಕಂತೆ ವಿಂಗಡಿಸಿ ಉಚಿತವಾಗಿ ಇಟ್ಟಿದ್ದಾರೆ; ಹೊರದೇಶದಲ್ಲಿರುವ ಕನ್ನಡದ ಮನೆಗಳಿಗೆ ಇದು ದೊಡ್ಡ ಅನುಕೂಲ. ಆದರೆ ಪರದೆಯ ಮೇಲೆ ಓದುವ ಬದಲು ಮುದ್ರಿಸಿಕೊಂಡು ಓದುವುದು ಒಳ್ಳೆಯದು.

ಅನುವಾದಿತ ಪುಸ್ತಕಗಳನ್ನು ಕೊಳ್ಳುವಾಗ ಒಂದು ಎಚ್ಚರ ಅಗತ್ಯ. ಕೆಲವು ಅನುವಾದಗಳಲ್ಲಿ ನಾಯಿ ‘ವೂಫ್’ ಎನ್ನುತ್ತದೆ, ಬಾತುಕೋಳಿ ‘ಕ್ವ್ಯಾಕ್’ ಎನ್ನುತ್ತದೆ, ನೀರಿಗೆ ಬಿದ್ದ ಕಲ್ಲು ‘ಸ್ಪ್ಲ್ಯಾಶ್’ ಎನ್ನುತ್ತದೆ. ಮನೆಯ ಸುತ್ತ ಬೌ ಬೌ ಎನ್ನುವ ನಾಯಿಯನ್ನು ದಿನವೂ ಕೇಳುವ ಮಗುವಿಗೆ ಈ ಪದಗಳು ಯಾವ ಸದ್ದನ್ನೂ ನೆನಪಿಸುವುದಿಲ್ಲ. ಅಂಥ ಕಡೆ ಪೆನ್ಸಿಲಿನಿಂದ ಹೊಡೆದುಹಾಕಿ ಮೇಲೆ ‘ಬೌ ಬೌ’, ‘ದುಡುಂ’ ಎಂದು ಬರೆದುಕೊಳ್ಳಿ. ಪುಸ್ತಕ ಹಾಳಾಗುವುದಿಲ್ಲ, ಓದಲು ಯೋಗ್ಯವಾಗುತ್ತದೆ. ಎರಡು ಭಾಷೆಗಳ ಮನೆಯಾಗಿದ್ದರೆ ಎರಡೂ ಸದ್ದುಗಳಿರಲಿ. ಅಜ್ಜಿಯ ಊರಿನ ಕೋಳಿಯ ಕೂಗನ್ನೂ ಶಾಲೆಯ ಪುಸ್ತಕದ ಕೋಳಿಯ ಕೂಗನ್ನೂ ಮಕ್ಕಳು ಕಲಸಿಕೊಳ್ಳದೆ ಇಟ್ಟುಕೊಳ್ಳಬಲ್ಲರು.

2. ಮಗುವಿಗೆ ತೋರಿಸುವ ಮೊದಲು ನೀವೊಬ್ಬರೇ ಓದಿಕೊಳ್ಳುವುದು

ಹೆಚ್ಚಿನವರು ಬಿಟ್ಟುಬಿಡುವ ಹಂತ ಇದು, ಹೆಚ್ಚಿನ ಸೋಲಿಗೆ ಕಾರಣವೂ ಇದೇ. ಮಗು ಮಲಗಿದ ಮೇಲೆ ಹತ್ತು ನಿಮಿಷ ಕುಳಿತು ಪುಸ್ತಕವನ್ನು ಬಾಯಿಬಿಟ್ಟು ಓದಿ. ಸದ್ದಿನ ಪದ ಬಂದಲ್ಲೆಲ್ಲ ಪೆನ್ಸಿಲಿನಿಂದ ಕೆಳಗೆರೆ ಎಳೆಯಿರಿ, ಆ ಪದದ ಹಿಂದೆ ಒಂದು ಸಣ್ಣ ಅಡ್ಡಗೀಟು ಹಾಕಿ. ಆ ಗೀಟು ನೀವು ನಿಲ್ಲಬೇಕಾದ ಜಾಗ.

ಕನ್ನಡದ ವಾಕ್ಯ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ನಮ್ಮಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಸದ್ದಿನ ಪದ ಸಾಮಾನ್ಯವಾಗಿ ಅದಕ್ಕೆ ಒತ್ತಿಕೊಂಡು ನಿಲ್ಲುತ್ತದೆ: ‘ಮಾವಿನಹಣ್ಣು ಧೊಪ್ಪನೆ ಬಿತ್ತು’, ‘ಹಲ್ಲಿ ಲೊಚಲೊಚ ಎಂದಿತು’. ಆದ್ದರಿಂದ ‘ಮಾವಿನಹಣ್ಣು’ ಎಂದು ಹೇಳಿ ನಿಂತರೆ ಮಗುವಿಗೆ ವಸ್ತು ತಿಳಿದಿರುತ್ತದೆ, ಏನೋ ಆಗಲಿದೆ ಎಂಬ ಕುತೂಹಲ ಮೂಡಿರುತ್ತದೆ, ಸದ್ದು ಇನ್ನೂ ಬಾಕಿ ಇರುತ್ತದೆ. ಆ ಕ್ಷಣವನ್ನು ಹಿಡಿಯಲೆಂದೇ ಅಡ್ಡಗೀಟು.

ಇನ್ನೊಂದು ವಿಷಯವನ್ನೂ ಈ ಹಂತದಲ್ಲೇ ಬೇರೆ ಮಾಡಿಟ್ಟುಕೊಳ್ಳಬೇಕು. ಕನ್ನಡದ ಜೋಡಿನುಡಿಗಳೆಲ್ಲ ಸದ್ದನ್ನು ಸೂಚಿಸುವುದಿಲ್ಲ. ಚಟಪಟ, ಜುಳುಜುಳು, ಪಿಸುಪಿಸು ಎಂಬುವು ಕಿವಿಗೆ ಸೇರಿದವು. ಮಿಣಮಿಣ, ಥಳಥಳ ಎಂಬುವು ಕಣ್ಣಿಗೆ ಸೇರಿದವು. ಘಮಘಮ ಮೂಗಿಗೆ ಸೇರಿದ್ದು. ನಕ್ಷತ್ರವು ಮಿಣಮಿಣ ಎಂದು ಜೋರಾಗಿ ಕೂಗುವಂತೆ ಓದಿದರೆ ಮಗು ನಕ್ಷತ್ರದ ಸದ್ದು ಅದೆಂದೇ ತಿಳಿಯುತ್ತದೆ. ಇಂಥ ಪದ ಬಂದಾಗ ದನಿಯನ್ನು ತಗ್ಗಿಸಿ, ಬೆರಳುಗಳನ್ನು ಮಿನುಗಿಸಿ ತೋರಿಸಿ. ಘಮಘಮ ಬಂದಾಗ ಮೂಗರಳಿಸಿ ಉಸಿರೆಳೆದುಕೊಳ್ಳಿ.

3. ಜಾಗ ಮತ್ತು ಹೊತ್ತು

ಫ್ಯಾನು, ಟಿ.ವಿ., ಮಿಕ್ಸಿ ಇವುಗಳ ಸದ್ದು ಇಲ್ಲದ ಕೋಣೆ ಬೇಕು. ಪಿಸುಮಾತು ಕೇಳಿಸದ ಜಾಗದಲ್ಲಿ ಸದ್ದಿನ ಪುಸ್ತಕವನ್ನು ಓದುವುದು ವ್ಯರ್ಥ. ಮಗು ಹಸಿದಿರಬಾರದು, ನಿದ್ದೆಗೆ ಜಾರುತ್ತಿರಬಾರದು. ಮಲಗುವ ಹೊತ್ತಿಗೆ ಬೇರೆ ಪುಸ್ತಕ ಓದಿ, ಏಕೆಂದರೆ ರೈಲು, ಗುಡುಗು, ಡೊಳ್ಳು ಕೇಳಿದ ಮಗು ಬೇಗ ಮಲಗುವುದಿಲ್ಲ.

ಕೂರುವ ರೀತಿ ಮುಖ್ಯ. ಮಡಿಲಿನಲ್ಲಿ ಬೆನ್ನು ಹಾಕಿ ಕೂತ ಮಗುವಿಗೆ ನಿಮ್ಮ ಬಾಯಿ ಕಾಣುವುದಿಲ್ಲ, ಸದ್ದನ್ನು ಅನುಕರಿಸಲು ಅದಕ್ಕೆ ತುಟಿಯ ಚಲನೆ ಕಾಣಬೇಕು. ಎದುರಿಗೆ ಕೂರಿಸಿಕೊಂಡು ಪುಸ್ತಕವನ್ನು ನಿಮ್ಮ ಕೆನ್ನೆಯ ಪಕ್ಕದಲ್ಲಿ, ಮಗುವಿನ ಕಣ್ಣಿನ ಎತ್ತರಕ್ಕೆ ಹಿಡಿಯಿರಿ. ತೀರಾ ಎಳೆಯ ಮಗು ಮಡಿಲನ್ನೇ ಬಯಸಿದರೆ ಅಡ್ಡಲಾಗಿ ಕೂರಿಸಿಕೊಳ್ಳಿ. ಎರಡು ವರ್ಷದೊಳಗೆ ಐದು ನಿಮಿಷ, ಆಮೇಲೆ ಹತ್ತು ನಿಮಿಷ ಎಂದು ನಾನು ಲೆಕ್ಕ ಇಟ್ಟುಕೊಂಡಿದ್ದೇನೆ. ಮಗು ಇನ್ನೂ ಕೇಳುತ್ತಿರುವಾಗಲೇ ಪುಸ್ತಕ ಮುಚ್ಚಿದರೆ ನಾಳೆ ಅದೇ ಎತ್ತಿಕೊಂಡು ಬರುತ್ತದೆ.

4. ಮೊದಲ ಓದು: ಪ್ರಶ್ನೆಗಳಿಲ್ಲದೆ

ಮೊದಲ ದಿನ ಪುಸ್ತಕವನ್ನು ಆರಂಭದಿಂದ ಕೊನೆಯವರೆಗೆ ಸದ್ದುಗಳ ಸಹಿತ ಓದಿ, ಒಂದೇ ಒಂದು ಪ್ರಶ್ನೆಯನ್ನೂ ಕೇಳಬೇಡಿ. ಪುಟ ತೆರೆದ ಕೂಡಲೇ ವಾಕ್ಯಕ್ಕೆ ಹೋಗದೆ ಮೊದಲು ಬರಿಯ ಸದ್ದನ್ನು ಮಾಡಿ: ‘ಟಪ್… ಟಪ್… ಟಪ್’. ಮಗು ಚಿತ್ರದಲ್ಲಿ ಸದ್ದಿನ ಮೂಲವನ್ನು ಹುಡುಕಲಿ. ಅದರ ಕಣ್ಣೋ ಬೆರಳೋ ನಲ್ಲಿಯ ಮೇಲೆ ನಿಂತ ಮೇಲೆ ‘ನಲ್ಲಿಯಿಂದ ನೀರು ಟಪ್ ಟಪ್ ಎಂದು ಬಿತ್ತು’ ಎಂದು ಓದಿ. ಈ ಹುಡುಕಾಟದಲ್ಲೇ ಮಗುವಿಗೆ ಆಸಕ್ತಿ ಹುಟ್ಟುತ್ತದೆ. ‘ಇಲ್ಲಿ ನೋಡು, ನಲ್ಲಿ’ ಎಂದು ಮೊದಲೇ ಬೆರಳಿಟ್ಟು ತೋರಿಸಿದರೆ ಹುಡುಕಲು ಏನೂ ಉಳಿಯುವುದಿಲ್ಲ.

ಮಗು ಪುಟಗಳನ್ನು ಹಿಂದುಮುಂದಾಗಿ ಮಗುಚಿದರೆ ಬಿಡಿ. ಸದ್ದಿನ ಪುಸ್ತಕಕ್ಕೆ ಕತೆಯ ಕಟ್ಟುನಿಟ್ಟು ಕಡಿಮೆ. ತೆರೆದ ಪುಟದ ಸದ್ದನ್ನು ಮಾಡಿದರೆ ಆಯಿತು.

5. ಎರಡನೆಯ ದಿನದಿಂದ: ನಿಲ್ಲುವುದನ್ನು ಕಲಿಯುವುದು

ಅದೇ ಪುಸ್ತಕವನ್ನು ಕನಿಷ್ಠ ಒಂದು ವಾರ ಓದಿ. ದೊಡ್ಡವರಿಗೆ ಬೇಸರ ಬರುವ ಹೊತ್ತಿಗೆ ಸರಿಯಾಗಿ ಮಗುವಿಗೆ ಅದು ತನ್ನದೆನಿಸುತ್ತದೆ. ಎರಡನೆಯ ದಿನದಿಂದ ಪೆನ್ಸಿಲ್ ಗೀಟು ಬಂದಲ್ಲಿ ನಿಲ್ಲಿ. ‘ಹಣ್ಣು…’ ಎಂದು ಹೇಳಿ, ಹುಬ್ಬೇರಿಸಿ, ಮಗುವಿನ ಮುಖ ನೋಡುತ್ತಾ ಮನಸ್ಸಿನಲ್ಲೇ ಒಂದರಿಂದ ಏಳರವರೆಗೆ ನಿಧಾನವಾಗಿ ಎಣಿಸಿ. ಏಳು ಎಂಬುದು ಓದುವವರಿಗೆ ತುಂಬಾ ಉದ್ದವೆನಿಸುತ್ತದೆ. ನಾನು ಗಮನಿಸಿದಂತೆ ಹೆಚ್ಚಿನವರು ಎರಡಕ್ಕೇ ಸೋತು ತಾವೇ ‘ಧೊಪ್!’ ಎಂದುಬಿಡುತ್ತಾರೆ. ಎಳೆಯ ಮಗು ಕೇಳಿದ್ದನ್ನು ನೆನಪಿನಿಂದ ತೆಗೆದು ಬಾಯಿಗೆ ತರಲು ಅಷ್ಟು ಹೊತ್ತು ನಿಜವಾಗಿಯೂ ಬೇಕು.

ಏಳಾದರೂ ಸದ್ದು ಬರದಿದ್ದರೆ ನೀವೇ ಹೇಳಿ ಮುಂದುವರಿಯಿರಿ. ‘ಹೇಳು, ಹೇಳು ಪುಟ್ಟಾ, ನಿನ್ನೆ ಹೇಳಿದ್ದೆಯಲ್ಲ’ ಎಂಬ ಒತ್ತಾಯ ಬೇಡ. ನೆಂಟರ ಮುಂದೆ ಮಾಡಿ ತೋರಿಸು ಎನ್ನುವುದಂತೂ ಬೇಡವೇ ಬೇಡ. ಹಾಗೆ ಮಾಡಿದ ಮೇಲೆ ವಾರಗಟ್ಟಲೆ ತುಟಿ ತೆರೆಯದ ಮಕ್ಕಳನ್ನು ನಾನು ನೋಡಿದ್ದೇನೆ.

ಮಗುವಿನ ಉತ್ತರ ಸದ್ದೇ ಆಗಬೇಕಿಲ್ಲ. ಕೈಯಿಂದ ನೆಲ ಬಡಿಯುವುದು, ತಲೆ ಅಲ್ಲಾಡಿಸುವುದು, ತುಟಿಯನ್ನು ಮಾತ್ರ ಆಡಿಸುವುದು, ಎಲ್ಲವೂ ಉತ್ತರವೇ. ‘ಧೊಪ್’ ಎನ್ನಬೇಕಾದಲ್ಲಿ ‘ಬೊಪ್’ ಎಂದರೆ ಅದನ್ನು ತಿದ್ದದೆ, ‘ಹೌದು, ಧೊಪ್!’ ಎಂದು ಸರಿಯಾದ ರೂಪವನ್ನು ಒಮ್ಮೆ ಕೇಳಿಸಿ ಪುಟ ತಿರುಗಿಸಿ. ಪ, ಬ, ಮ ಎಂಬ ತುಟಿಯ ಸದ್ದುಗಳು ಕಣ್ಣಿಗೆ ಕಾಣುವುದರಿಂದ ಬೇಗ ಬರುತ್ತವೆ. ಅಂಬಾ, ಬೌ ಬೌ, ಪೀಂ ಪೀಂ ಎಂಬುವು ಅದಕ್ಕೇ ಮೊದಲ ಪುಸ್ತಕಕ್ಕೆ ಒಳ್ಳೆಯವು. ರ, ಳ, ಣ, ಶ ಅನೇಕ ಮಕ್ಕಳಲ್ಲಿ ತಡವಾಗಿ ಸ್ಪಷ್ಟವಾಗುತ್ತವೆ. ಎರಡೂವರೆ ವರ್ಷದ ಮಗು ‘ಜುಲುಜುಲು’ ಎಂದರೆ ಅದು ತಪ್ಪಲ್ಲ, ದಾರಿಯಲ್ಲಿದೆ ಎಂದು ತಿಳಿಯಿರಿ.

6. ಸದ್ದಿನ ಗುಣವನ್ನು ದನಿಯಲ್ಲಿ ತರುವುದು

ಎಲ್ಲ ಸದ್ದುಗಳನ್ನೂ ಒಂದೇ ಜೋರಿನಲ್ಲಿ ಕಿರುಚುವುದು ಎಲ್ಲರೂ ಮಾಡುವ ತಪ್ಪು. ಹಾಗೆ ಓದಿದರೆ ಮಗು ಎರಡು ನಿಮಿಷ ನಗುತ್ತದೆ, ಮೂರನೆಯ ನಿಮಿಷಕ್ಕೆ ದಣಿಯುತ್ತದೆ. ಕನ್ನಡದ ಸದ್ದಿನ ಪದಗಳೊಳಗೇ ಹೇಗೆ ಓದಬೇಕೆಂಬ ಸೂಚನೆ ಇದೆ, ಅದನ್ನು ಅನುಸರಿಸಿದರೆ ಸಾಕು.

ಮಳೆಯನ್ನೇ ತೆಗೆದುಕೊಳ್ಳಿ. ಮೊದಲ ಹನಿಗಳು ‘ಟಪ್, ಟಪ್’ ಎಂದು ಬಿಡಿಬಿಡಿಯಾಗಿ ಬೀಳುತ್ತವೆ; ಪ್ರತಿ ಹನಿಯ ನಡುವೆ ಬಿಡುವು ಕೊಡಿ. ‘ಜಿಟಿಜಿಟಿ’ ಬಂದಾಗ ದನಿ ಸಣ್ಣದು, ಲಯ ಒಂದೇ ಸಮ, ಮುಗಿಯುವಂತೆ ಕಾಣಬಾರದು. ‘ಪಟಪಟ’ಕ್ಕೆ ವೇಗ ಹೆಚ್ಚಿ, ತುಟಿ ಗಟ್ಟಿಯಾಗಿ ಬಡಿಯಲಿ. ‘ಧೋ’ ಎಂದು ಸುರಿಯುವ ಮಳೆಗೆ ಆ ದೀರ್ಘ ಸ್ವರವನ್ನು ಉಸಿರಿರುವವರೆಗೆ ಎಳೆಯಿರಿ. ಒಂದೇ ಮಳೆಯ ಈ ನಾಲ್ಕು ಹಂತಗಳನ್ನು ಏರಿಸಿ ಇಳಿಸಿ ಓದಿದರೆ ಮೂರು ವರ್ಷದ ಮಗು ಯಾವ ವಿವರಣೆಯೂ ಇಲ್ಲದೆ ಹನಿಮಳೆಗೂ ಜಡಿಮಳೆಗೂ ಇರುವ ವ್ಯತ್ಯಾಸವನ್ನು ಕಿವಿಯಿಂದಲೇ ತಿಳಿಯುತ್ತದೆ. ನಾನು ಓದುವ ಪುಟಗಳಲ್ಲೆಲ್ಲ ನನಗೆ ಹೆಚ್ಚು ಪ್ರಿಯವಾದದ್ದು ಮಳೆಯ ಪುಟವೇ.

ಗಂಟೆಗಳೂ ಹೀಗೆಯೇ. ಪೂಜೆಯ ಕೈಗಂಟೆ ‘ಕಿಣಿಕಿಣಿ’. ಇಕಾರದಲ್ಲಿ ಬಾಯಿ ಕಿರಿದಾಗುತ್ತದೆ, ದನಿಯೂ ತೆಳುವಾಗಲಿ. ದೇವಸ್ಥಾನದ ದೊಡ್ಡ ಗಂಟೆ ‘ಢಣ್’. ಬಾಯಿ ತೆರೆದು, ಕೊನೆಯ ಣ್ ಅನ್ನು ಮೂಗಿನಲ್ಲಿ ಅನುರಣಿಸಲು ಬಿಡಿ. ಗುಡುಗು ‘ಗುಡುಗುಡು’ ಎಂದು ಗಂಟಲಿನ ಆಳದಿಂದ ಬರಬೇಕು. ಘಲ್, ಢಣ್, ಧೊಪ್, ಭೋರ್ ಇವುಗಳ ಮಹಾಪ್ರಾಣವನ್ನು ನುಂಗಬೇಡಿ. ಮಗುವಿನ ಅಂಗೈಯನ್ನು ನಿಮ್ಮ ಬಾಯಿಯ ಮುಂದೆ ಹಿಡಿದು ‘ಘಲ್’ ಎಂದರೆ ಉಸಿರು ತಾಕುತ್ತದೆ, ‘ಗಲ್’ ಎಂದಾಗ ಅಷ್ಟು ತಾಕುವುದಿಲ್ಲ. ನಾಲ್ಕು ವರ್ಷದ ಮಕ್ಕಳಿಗೆ ಇದು ಅರ್ಧ ಗಂಟೆಯ ಆಟ.

ಹೆದರುವ ಮಕ್ಕಳ ವಿಷಯದಲ್ಲಿ ಜಾಗ್ರತೆ ಬೇಕು. ಗುಡುಗು, ಪಟಾಕಿ, ಕುಕ್ಕರಿನ ಸೀಟಿ ಇವುಗಳಿಗೆ ಬೆಚ್ಚುವ ಮಗುವಿಗೆ ಆ ಪುಟವನ್ನು ಪಿಸುದನಿಯಲ್ಲಿ ಓದಿ, ಸದ್ದನ್ನು ಎಷ್ಟು ಜೋರು ಮಾಡಬೇಕೆಂಬುದನ್ನು ಮಗುವಿನ ಕೈಗೇ ಬಿಡಿ: ಅದು ಕೈಯೆತ್ತಿದಷ್ಟೂ ನಿಮ್ಮ ದನಿ ಏರಲಿ, ಇಳಿಸಿದಾಗ ಇಳಿಯಲಿ.

7. ಪುಸ್ತಕದ ಸದ್ದನ್ನು ಮನೆಯ ಸದ್ದಿಗೆ ಜೋಡಿಸುವುದು

ಮೂರು ನಾಲ್ಕು ದಿನಗಳ ಓದಿನ ನಂತರ ಈ ಹಂತ. ಅದಕ್ಕಿಂತ ಮೊದಲೇ ವಸ್ತುಗಳನ್ನು ಮುಂದಿಟ್ಟರೆ ಪುಸ್ತಕವನ್ನು ಯಾರೂ ನೋಡುವುದಿಲ್ಲ. ಲೋಟಕ್ಕೆ ಚಮಚ ತಾಕಿಸಿ ‘ಠಣ್’, ಅಕ್ಕಿಯ ಡಬ್ಬಿ ಅಲ್ಲಾಡಿಸಿ ‘ಜರಜರ’, ಪತ್ರಿಕೆ ಹರಿದು ‘ಪರಪರ’. ಮಗು ಕಣ್ಣು ಮುಚ್ಚಿಕೊಂಡು ಸದ್ದು ಯಾವುದೆಂದು ಹೇಳಲಿ ಅಥವಾ ಪುಸ್ತಕದಲ್ಲಿ ಆ ಪುಟವನ್ನು ತೆರೆದು ತೋರಿಸಲಿ. ಅಡಿಗೆಮನೆ ಇದಕ್ಕೆ ಎಲ್ಲಕ್ಕಿಂತ ಒಳ್ಳೆಯ ಶಾಲೆ: ಒಗ್ಗರಣೆಯಲ್ಲಿ ಸಾಸಿವೆ ಚಟಪಟ, ಕಾವಲಿಯ ಮೇಲೆ ದೋಸೆ ಚುಂಯ್, ಸಾರು ಕೊತಕೊತ. ಒಲೆಯಿಂದ ದೂರ, ಬಾಗಿಲಿನ ಬಳಿ ನಿಲ್ಲಿಸಿ ಕೇಳಿಸಿದರೆ ಸಾಕು.

ಉತ್ತರ ಕರ್ನಾಟಕದ ಮನೆಯಲ್ಲಿ ಸದ್ದಿಗೆ ಸಪ್ಪಳ ಎನ್ನುವ ರೂಢಿಯಿದ್ದರೆ ಪುಸ್ತಕದಲ್ಲಿ ಬೇರೆ ಪದವಿದ್ದರೂ ನೀವು ಸಪ್ಪಳ ಎಂದೇ ಓದಿ. ಅಜ್ಜ ಅಜ್ಜಿಯರು ಬೇರೆ ಸದ್ದಿನ ಪದಗಳನ್ನು ಬಳಸಿದರೆ ಅವುಗಳನ್ನೂ ಪುಟದ ಅಂಚಿನಲ್ಲಿ ಬರೆದಿಡಿ.

8. ಸದ್ದಿನಿಂದ ಅಕ್ಷರಕ್ಕೆ: ನಾಲ್ಕು ವರ್ಷದ ನಂತರ

ಮಗು ಸದ್ದುಗಳನ್ನು ತಾನಾಗಿ ಮಾಡಲಾರಂಭಿಸಿ, ಪುಟದ ಮೇಲಿನ ಬರಹದ ಕಡೆಗೆ ಬೆರಳಿಟ್ಟು ಕೇಳುವವರೆಗೆ ಅಕ್ಷರದ ಮಾತು ಬೇಡ. ಮೊದಲು ಚಪ್ಪಾಳೆ: ಚ-ಟ-ಪ-ಟ, ನಾಲ್ಕು ಅಕ್ಷರ, ನಾಲ್ಕು ಚಪ್ಪಾಳೆ. ಕನ್ನಡ ಕಲಿಯುವ ಮಕ್ಕಳಿಗೆ ಪದವನ್ನು ಹೀಗೆ ಅಕ್ಷರಗಳಾಗಿ ಬಿಡಿಸುವುದು ಸುಲಭ. ‘ಚ’ದೊಳಗಿನ ಚ್ ಮತ್ತು ಅ ಎರಡನ್ನೂ ಬೇರೆ ಮಾಡುವ ಶಕ್ತಿ ಬಹಳ ನಿಧಾನವಾಗಿ ಬರುತ್ತದೆ. ಸೊನಾಲಿ ನಾಗ್ ಅವರು ಕನ್ನಡದ ಮಕ್ಕಳ ಆರಂಭಿಕ ಓದಿನ ಬಗ್ಗೆ 2007ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಹೇಳುತ್ತದೆ. ಅಕ್ಷರಗಳ ಕಲಿಕೆ ಮೊದಲ ಒಂದೆರಡು ತರಗತಿಗಳಲ್ಲಿ ಮುಗಿಯುವ ಕೆಲಸವಲ್ಲ ಎಂಬುದನ್ನೂ ತೋರಿಸುತ್ತದೆ. ಆದ್ದರಿಂದ ಇಂಗ್ಲಿಷ್ ಕಲಿಸುವ ಪದ್ಧತಿಯನ್ನು ನೋಡಿ ‘ಚ್-ಅ-ಟ್-ಅ’ ಎಂದು ಒಡೆದು ಹೇಳಿಕೊಡಲು ಹೋಗಬೇಡಿ.

ಓದಿಸುವ ಪದಗಳಿಗೂ ಒಂದು ಕ್ರಮವಿದೆ. ಚಟಪಟ, ಸರಸರ, ಗಟಗಟ, ಪರಪರ ಎಂಬ ಪದಗಳಲ್ಲಿ ಗುಣಿತದ ಚಿಹ್ನೆಯಿಲ್ಲ, ಒತ್ತಕ್ಷರವಿಲ್ಲ, ಎರಡು ಮೂರು ಅಕ್ಷರಗಳೇ ಮರಳಿ ಬರುತ್ತವೆ. ಮಗು ಓದುವ ಮೊದಲ ಕನ್ನಡ ಪದವಾಗಲು ಇವುಗಳಿಗಿಂತ ಯೋಗ್ಯವಾದವು ಕಡಿಮೆ. ಎರಡನೆಯದಾಗಿ ಪಿಸುಪಿಸು, ಗುಡುಗುಡು, ಕಿಣಿಕಿಣಿ. ಅರ್ಧಾಕ್ಷರದ ಟಪ್, ಘಲ್ ಅದರ ನಂತರ. ಧೊಪ್ಪನೆ, ಪಿಸುಗುಟ್ಟಿತು ಎಂಬ ಒತ್ತಕ್ಷರದ ಪದಗಳು ಕೊನೆಗೆ. ಒಂದು ದಿನಕ್ಕೆ ಒಂದು ಪದ, ಅದೂ ಓದು ಮುಗಿದ ಮೇಲೆ. ಓದಿನ ನಡುವೆ ನಿಲ್ಲಿಸಿ ಅಕ್ಷರ ಕೇಳಿದರೆ ಮೊದಲಿನ ಏಳು ಹಂತಗಳ ಫಲ ಹೋಗುತ್ತದೆ.

ಗುಂಡಿ ಒತ್ತಿದರೆ ಸದ್ದು ಮಾಡುವ ಪುಸ್ತಕಗಳ ಬಗ್ಗೆ

ಇವುಗಳನ್ನು ನಾನು ಶಿಫಾರಸು ಮಾಡುವುದಿಲ್ಲ. ಸದ್ದನ್ನು ಯಂತ್ರ ಮಾಡಿದರೆ ಮಗು ಬಾಯಿ ತೆರೆಯಬೇಕಾದ ಅಗತ್ಯವೇ ಉಳಿಯುವುದಿಲ್ಲ. ಉಡುಗೊರೆಯಾಗಿ ಬಂದಿದ್ದರೆ ಎರಡು ಕೆಲಸ ಮಾಡಿ. ಮಕ್ಕಳು ಅದನ್ನು ಕಿವಿಗೆ ಒತ್ತಿ ಹಿಡಿಯುವುದರಿಂದ ಸದ್ದು ಹೊರಡುವ ತೂತುಗಳ ಮೇಲೆ ದಪ್ಪ ಟೇಪ್ ಅಂಟಿಸಿ ಜೋರನ್ನು ತಗ್ಗಿಸಿ. ಬ್ಯಾಟರಿಯ ಮುಚ್ಚಳಕ್ಕೆ ಸ್ಕ್ರೂ ಇದೆಯೇ, ಅದು ಬಿಗಿಯಾಗಿದೆಯೇ ಎಂದು ಪ್ರತಿ ಬಾರಿ ನೋಡಿ. ಬಿಲ್ಲೆಯಾಕಾರದ ಬ್ಯಾಟರಿಯನ್ನು ಮಗು ನುಂಗಿದರೆ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡು ಎರಡೇ ಗಂಟೆಗಳಲ್ಲಿ ತೀವ್ರವಾದ ಸುಟ್ಟಗಾಯ ಮಾಡಬಲ್ಲದು. ನುಂಗಿರಬಹುದೆಂಬ ಅನುಮಾನ ಬಂದರೂ ವಾಂತಿ ಮಾಡಿಸಲು ಯತ್ನಿಸದೆ, ನಾಳೆ ನೋಡೋಣ ಎನ್ನದೆ, ಕೂಡಲೇ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ.

ಗಮನಿಸಬೇಕಾದ ಎಚ್ಚರಿಕೆಯ ಲಕ್ಷಣಗಳು

ಸದ್ದಿನ ಪುಸ್ತಕ ಓದುವಾಗ ಮಗುವಿನ ಕಿವಿಯ ಸ್ಥಿತಿಯೂ ಕಾಣುತ್ತದೆ. ನಿಮ್ಮ ಮುಖ ಕಂಡಾಗ ಮಾತ್ರ ಸ್ಪಂದಿಸಿ, ಪುಸ್ತಕದಿಂದ ಬಾಯಿ ಮರೆಮಾಡಿದಾಗ ಸುಮ್ಮನಾಗುವ ಮಗು, ಡೊಳ್ಳಿನ ಪುಟಕ್ಕೆ ಕುಣಿದು ಪಿಸುಪಿಸು ಪುಟಕ್ಕೆ ತಿರುಗಿಯೂ ನೋಡದ ಮಗು, ಸ, ಶ, ಚ ಇರುವ ಸದ್ದುಗಳನ್ನೇ ಸದಾ ಬಿಟ್ಟುಬಿಡುವ ಮಗು, ಒಂದು ವರ್ಷವಾದರೂ ಹೆಸರು ಕರೆದರೆ ತಿರುಗದ ಮಗು, ಇವರೆಲ್ಲರಿಗೂ ಶ್ರವಣ ಪರೀಕ್ಷೆ ಆಗಬೇಕು. ಎರಡು ವರ್ಷ ತುಂಬಿದರೂ ಎರಡು ಪದಗಳನ್ನು ಕೂಡಿಸಿ ಮಾತನಾಡದಿದ್ದರೂ ಅಷ್ಟೇ. ಮೊದಲು ಚೆನ್ನಾಗಿ ಕೇಳುತ್ತಿದ್ದ ಮಗು ನೆಗಡಿ ಬಂದುಹೋದ ಮೇಲೆ ಮಂದವಾದರೆ ಕಿವಿತಮಟೆಯ ಹಿಂದೆ ದ್ರವ ನಿಂತಿರಬಹುದು. ಇದು ಎಳೆಯ ಮಕ್ಕಳಲ್ಲಿ ಸಾಮಾನ್ಯ, ವೈದ್ಯರು ನೋಡಿದರೆ ತಿಳಿಯುತ್ತದೆ. ‘ಹುಡುಗರು ಮಾತಾಡುವುದೇ ತಡ’ ಎಂಬ ಸಮಾಧಾನದಲ್ಲಿ ಅಮೂಲ್ಯವಾದ ತಿಂಗಳುಗಳು ಕಳೆದುಹೋಗುತ್ತವೆ.

ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಈ ಪರೀಕ್ಷೆಗಳೂ ಚಿಕಿತ್ಸೆಯೂ ದೊರೆಯುತ್ತವೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗಳಿಗೆ ಬಂದು ಮಾಡುವ ತಪಾಸಣೆಯಲ್ಲಿ ಶ್ರವಣದೋಷವೂ ಸೇರಿದೆ. ಮಗುವನ್ನು ಆ ದಿನ ತಪ್ಪಿಸಬೇಡಿ. ಅಲ್ಲಿಗೆ ಹೋಗುವಾಗ ಯಾವ ಪುಟದ ಯಾವ ಸದ್ದಿಗೆ ಮಗು ತಿರುಗುತ್ತದೆ, ಯಾವುದಕ್ಕೆ ತಿರುಗುವುದಿಲ್ಲ ಎಂಬುದನ್ನು ಒಂದು ಹಾಳೆಯಲ್ಲಿ ದಿನಾಂಕದೊಂದಿಗೆ ಬರೆದುಕೊಂಡು ಒಯ್ಯಿರಿ. ಪರೀಕ್ಷಿಸುವವರು ‘ಮನೆಯಲ್ಲಿ ಹೇಗೆ ಕೇಳುತ್ತದೆ?’ ಎಂದು ಕೇಳಿದಾಗ ಕೊಡಲು ನಿಮ್ಮ ಬಳಿ ಖಚಿತವಾದ ಉತ್ತರವಿರುತ್ತದೆ.